ಆಲೂಗಡ್ಡೆಗೆ ವೈರಸ್ ಕಾಟ: ಸಸಿಯ ಎಲೆಯಲ್ಲೇ ರೋಗ ನಿರೋಧಕ ತಳಿ ಗುರುತಿಸುವ ಡಿಎನ್‌ಎ ಮಾರ್ಕರ್ ಎಂದರೇನು?

ಮೇ ತಿಂಗಳು ಬಂತೆಂದರೆ ಹಾಸನದ ಎಪಿಎಂಸಿ ಆವರಣದಲ್ಲಿ ಬಿತ್ತನೆ ಆಲೂಗಡ್ಡೆಯ ಮಾರಾಟ ಶುರುವಾಗುತ್ತದೆ. ಮೂಟೆಗಳಲ್ಲಿರುವುದು ಹಾಸನದ ಗಡ್ಡೆಯಲ್ಲ. ಬಹುಪಾಲು ಪಂಜಾಬಿನ ಜಲಂಧರ್ ಕಡೆಯಿಂದ, ಎರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ ಲಾರಿಯಲ್ಲಿ ಬಂದದ್ದು. ಒಂದು ಹೆಕ್ಟೇರ್ ನಾಟಿಗೆ 25ರಿಂದ 30 ಕ್ವಿಂಟಲ್ ಗಡ್ಡೆ ಬೇಕು. ಬೆಳೆಯ ಒಟ್ಟು ಖರ್ಚಿನಲ್ಲಿ ಶೇ 40ರಿಂದ 50ರಷ್ಟು ಬಿತ್ತನೆಗೇ ಹೋಗುತ್ತದೆ. ಮಳೆ ಕೈಕೊಟ್ಟರೆ, ಅಂಗಮಾರಿ ಬಡಿದರೆ ರೈತನ ತಲೆಯ ಮೇಲೆ ಉಳಿಯುವುದು ಈ ಬಿತ್ತನೆಯ ಸಾಲವೇ.

ರಾಗಿ ಬೆಳೆದವರು ಬೆಳೆದದ್ದರಲ್ಲೇ ಒಂದಿಷ್ಟನ್ನು ಮುಂದಿನ ವರ್ಷದ ಬೀಜಕ್ಕೆಂದು ಎತ್ತಿಡುತ್ತಾರೆ. ಆಲೂಗಡ್ಡೆಯವರು ಯಾಕೆ ಹಾಗೆ ಮಾಡುವುದಿಲ್ಲ? ಬೆಚ್ಚನೆಯ ಹವೆಯಲ್ಲಿ ತಿಂಗಳುಗಟ್ಟಲೆ ಗಡ್ಡೆ ಕಾಪಾಡುವುದು ಕಷ್ಟ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಕಣ್ಣಿಗೆ ಕಾಣದ ವೈರಸ್‌ಗಳು. ಅವುಗಳನ್ನು ತಡೆಯುವ ತಳಿಗಳನ್ನು ಬೇಗ ಹುಡುಕಲು ವಿಜ್ಞಾನಿಗಳು ಬಳಸುತ್ತಿರುವ ಉಪಾಯವೇ ಡಿಎನ್‌ಎ ಮಾರ್ಕರ್. ಮುಂಬೈ, ಪುಣೆಯ ಬಟಾಟೆ ವಡೆಯಿಂದ ಹಿಡಿದು ಬೆಂಗಳೂರಿನ ಮಸಾಲೆ ದೋಸೆಯ ಪಲ್ಯದವರೆಗೆ ಎಲ್ಲದರ ಹಿಂದೆಯೂ ಇರುವ ಬೆಳೆಯಿದು. ವರ್ಷಕ್ಕೆ 5 ಕೋಟಿ ಟನ್‌ಗೂ ಹೆಚ್ಚು ಆಲೂಗಡ್ಡೆ ಬೆಳೆಯುವ ಭಾರತ, ಚೀನಾ ಬಿಟ್ಟರೆ ಜಗತ್ತಿನಲ್ಲೇ ಎರಡನೆಯ ಸ್ಥಾನದಲ್ಲಿದೆ.

ಗಡ್ಡೆಯೊಳಗೆ ಉಳಿಯುವ ರೋಗ

ನಾವು ಬಿತ್ತನೆ ಎನ್ನುವ ಆಲೂಗಡ್ಡೆ ನಿಜವಾದ ಅರ್ಥದಲ್ಲಿ ಬೀಜವಲ್ಲ, ಗಿಡದ್ದೇ ಒಂದು ತುಂಡು. ನೆಲದೊಳಗೆ ಉಬ್ಬಿದ ಕಾಂಡ ಅದು. ಅದರ ಕಣ್ಣುಗಳಿಂದ ಮೊಳಕೆ ಒಡೆದು ಹೊಸ ಗಿಡ ಬರುತ್ತದೆ. ಹಾಗಾಗಿ ತಾಯಿ ಗಿಡದ ರಸದಲ್ಲಿ ವೈರಸ್ ಇದ್ದರೆ ಅದು ನೇರವಾಗಿ ಗಡ್ಡೆಗೆ, ಗಡ್ಡೆಯಿಂದ ಮುಂದಿನ ವರ್ಷದ ಗಿಡಕ್ಕೆ ಇಳಿಯುತ್ತದೆ. ಮೊದಲ ವರ್ಷ ಹೊಲದಲ್ಲಿ ಒಂದೆರಡು ಗಿಡಗಳಿಗೆ ತಗುಲಿದ್ದು, ಅದೇ ಗಡ್ಡೆಯನ್ನು ಮತ್ತೆ ಮತ್ತೆ ನೆಟ್ಟರೆ ಮೂರು ನಾಲ್ಕು ವರ್ಷಗಳಲ್ಲಿ ಹೊಲವನ್ನೆಲ್ಲ ಆವರಿಸುತ್ತದೆ. ಎಲೆ ಸುಕ್ಕಾಗುತ್ತದೆ, ಹಳದಿ ಹಸಿರು ಮಚ್ಚೆ ಬೀಳುತ್ತದೆ, ಗಡ್ಡೆ ಗೋಲಿಯಷ್ಟಕ್ಕೇ ನಿಲ್ಲುತ್ತದೆ. ರೈತರು ಇದನ್ನು 'ಬೀಜ ಹಳೆಯದಾಯಿತು' ಎನ್ನುತ್ತಾರೆ. ನಿಜವಾಗಿ ಹಳೆಯದಾದದ್ದು ಬೀಜವಲ್ಲ, ಅದರೊಳಗೆ ವರ್ಷದಿಂದ ವರ್ಷಕ್ಕೆ ವೈರಸ್ ತುಂಬಿಕೊಂಡಿರುತ್ತದೆ.

ಇದು ಹೊಸ ಸಂಗತಿಯೇನಲ್ಲ. 18ನೇ ಶತಮಾನದಲ್ಲೇ ಬ್ರಿಟನ್ನಿನ ರೈತರು ಆಲೂಗಡ್ಡೆ ಎಲೆ ಮುದುಡುವ ರೋಗದಿಂದ ಕಂಗಾಲಾಗಿದ್ದರು. ಸ್ಕಾಟ್ಲೆಂಡಿನ ಎತ್ತರದ ಗುಡ್ಡಗಳಿಂದ ತಂದ ಬಿತ್ತನೆ ಚೆನ್ನಾಗಿ ಬರುತ್ತದೆ ಎಂಬುದನ್ನೂ ಅವರು ಅನುಭವದಿಂದ ಕಂಡುಕೊಂಡಿದ್ದರು. ಯಾಕೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಗುಟ್ಟು ಇದ್ದದ್ದು ಗಿಡಹೇನಿನಲ್ಲಿ. ಚಳಿ, ಗಾಳಿ ಹೆಚ್ಚಿರುವ ಎತ್ತರದ ಜಾಗದಲ್ಲಿ ಗಿಡಹೇನು ಕಡಿಮೆ.

1931ರಲ್ಲಿ ಇಂಗ್ಲೆಂಡಿನ ಕೆನೆತ್ ಸ್ಮಿತ್ ಎಂಬ ವಿಜ್ಞಾನಿ, ಒಂದೇ ರೋಗವೆಂದು ಎಲ್ಲರೂ ಭಾವಿಸಿದ್ದರಲ್ಲಿ ಎರಡು ವೈರಸ್‌ಗಳು ಬೆರೆತಿರುವುದನ್ನು ತೋರಿಸಿದರು. ರೋಗಿ ಗಿಡದ ರಸವನ್ನು ಸೂಜಿಯಿಂದ ಚುಚ್ಚಿದರೆ ಎರಡೂ ದಾಟುತ್ತಿದ್ದವು. ಗಿಡಹೇನಿನ ಮೂಲಕವಾದರೆ ಒಂದು ಮಾತ್ರ ದಾಟುತ್ತಿತ್ತು. ಎರಡಕ್ಕೂ ಅವರು ಎಕ್ಸ್ ಮತ್ತು ವೈ ಎಂದು ಹೆಸರಿಟ್ಟರು. ಗಿಡಹೇನಿನ ಮೇಲೆ ಸವಾರಿ ಮಾಡುವ ಆ 'ಪೊಟ್ಯಾಟೊ ವೈರಸ್ ವೈ' ಇಂದಿಗೂ ಜಗತ್ತಿನ ಆಲೂಗಡ್ಡೆ ಬೆಳೆಗಾರರಿಗೆ ದೊಡ್ಡ ತಲೆನೋವು. ಸೋಂಕು ತೀವ್ರವಾದರೆ ಇಳುವರಿ ಅರ್ಧಕ್ಕಿಂತ ಹೆಚ್ಚು ಕುಸಿಯುತ್ತದೆ.

ಔಷಧಿ ಹೊಡೆದರೆ ಆಗದೇ? ಕೆಲವು ವೈರಸ್‌ಗಳ ವಿಷಯದಲ್ಲಿ ಅದರಿಂದ ಪ್ರಯೋಜನ ಉಂಟು. ಎಲೆ ಸುರುಳಿ ರೋಗದ ವೈರಸ್ ಅನ್ನು ಹೀರಿಕೊಂಡು ಮತ್ತೊಂದು ಗಿಡಕ್ಕೆ ದಾಟಿಸಲು ಗಿಡಹೇನಿಗೆ ಗಂಟೆಗಟ್ಟಲೆ ಸಮಯ ಬೇಕು. ಅಷ್ಟರಲ್ಲಿ ಕೀಟನಾಶಕ ಅದನ್ನು ಕೊಲ್ಲುತ್ತದೆ. ವೈ ವೈರಸ್ ಹಾಗಲ್ಲ. ಗಿಡಹೇನು ರೋಗಿ ಗಿಡಕ್ಕೆ ಸೊಂಡಿಲು ಚುಚ್ಚಿ ರುಚಿ ನೋಡಿದ ಕೆಲವೇ ಸೆಕೆಂಡುಗಳಲ್ಲಿ ವೈರಸ್ ಸೊಂಡಿಲಿಗೆ ಅಂಟುತ್ತದೆ, ಪಕ್ಕದ ಗಿಡದ ರುಚಿ ನೋಡುವಾಗ ಇಳಿದೂ ಬಿಡುತ್ತದೆ. ಔಷಧಿ ಆ ಕೀಟವನ್ನು ಕೊಲ್ಲುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಚಳಿಗಾಲದ ಕಿಟಕಿ

ಭಾರತ ಈ ಸಮಸ್ಯೆಗೆ ಮೊದಲು ಕಂಡುಕೊಂಡ ಪರಿಹಾರ ಸರಳವಾದದ್ದು, ಜಾಣತನದ್ದು. ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1949ರಲ್ಲಿ ಪಾಟ್ನಾದಲ್ಲಿ ಶುರುವಾಗಿ 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ಆಗೆಲ್ಲ ಒಳ್ಳೆಯ ಬಿತ್ತನೆ ಬೇಕೆಂದರೆ ಬೆಟ್ಟದಿಂದಲೇ ಬರಬೇಕಿತ್ತು. ಸಂಸ್ಥೆಯ ಪುಷ್ಕರನಾಥ್ ಅವರು 1959ರಲ್ಲಿ, ಉತ್ತರದ ಬಯಲು ಸೀಮೆಯಲ್ಲೂ ಅಕ್ಟೋಬರ್‌ನಿಂದ ಡಿಸೆಂಬರ್ ಕೊನೆಯವರೆಗೆ ಗಿಡಹೇನು ತೀರಾ ಕಡಿಮೆ ಇರುತ್ತದೆ ಎಂಬುದನ್ನು ಆಧಾರವಾಗಿಟ್ಟುಕೊಂಡು ಒಂದು ವಿಧಾನ ರೂಪಿಸಿದರು. ಆ ಕಿಟಕಿಯಲ್ಲೇ ಬಿತ್ತನೆ ಬೆಳೆ ತೆಗೆಯಬೇಕು. 100 ಎಲೆಗಳಲ್ಲಿ 20 ಗಿಡಹೇನು ಕಾಣಿಸುವ ಮೊದಲೇ ಗಿಡದ ಮೇಲ್ಭಾಗ ಕತ್ತರಿಸಿ, ಗಡ್ಡೆಯನ್ನು ಮಾತ್ರ ನೆಲದಲ್ಲಿ ಬಲಿಯಲು ಬಿಡಬೇಕು. ಎಲೆಯೇ ಇಲ್ಲದಿದ್ದರೆ ಗಿಡಹೇನು ಕೂರುವುದೆಲ್ಲಿ?

ಪಂಜಾಬ್ ಬಿತ್ತನೆ ಆಲೂಗಡ್ಡೆಯ ತವರಾದದ್ದು ಈ ಕಿಟಕಿಯಿಂದ. ಆದರೆ ದಖ್ಖನ್ ಪ್ರಸ್ಥಭೂಮಿಗೆ ಆ ಭಾಗ್ಯ ಇಲ್ಲ. ಹಾಸನ, ಚಿಕ್ಕಬಳ್ಳಾಪುರದಲ್ಲಾಗಲಿ, ಮಹಾರಾಷ್ಟ್ರದ ಪುಣೆ ಜಿಲ್ಲೆಯ ಮಂಚರ್ ಕಡೆಯಲ್ಲಾಗಲಿ ಗಿಡಹೇನು ಬೇಸಾಯದ ಉದ್ದಕ್ಕೂ ಇರುತ್ತದೆ. ಮುಂಗಾರಿನಲ್ಲಿ ಬೆಳೆದ ಗಡ್ಡೆ ಊಟಕ್ಕೆ ಸರಿ, ಬಿತ್ತನೆಗೆ ಅಪಾಯ. ಗಿಡಕ್ಕೇ ವೈರಸ್ ತಡೆಯುವ ಶಕ್ತಿ ಇದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ.

ಅಂಥ ಶಕ್ತಿ ಇರುವ ಆಲೂಗಡ್ಡೆಗಳು ಇವೆ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ರೈತರು ಸಾವಿರಾರು ವರ್ಷಗಳಿಂದ ಬೆಳೆಸಿಕೊಂಡು ಬಂದ 'ಆಂಡಿಜೆನ' ಗುಂಪಿನ ಕೆಲವು ಆಲೂಗಡ್ಡೆಗಳಲ್ಲಿ ವೈ ವೈರಸ್ ಅನ್ನು ಸಂಪೂರ್ಣವಾಗಿ ತಡೆಯುವ ಒಂದು ವಂಶವಾಹಿ ಇದೆ. ಅದರ ಹೆಸರು 'ಆರ್‌ವೈ-ಎಡಿಜಿ'. ಇದೇ ಕೆಲಸ ಮಾಡುವ ಇನ್ನೆರಡು ವಂಶವಾಹಿಗಳು ಕಾಡು ಜಾತಿಗಳಿಂದ ಬಂದಿವೆ: ಮೆಕ್ಸಿಕೊದ ಸೊಲಾನಮ್ ಸ್ಟೊಲೋನಿಫೆರಮ್‌ನಿಂದ 'ಆರ್‌ವೈ-ಎಸ್‌ಟಿಒ', ಸೊಲಾನಮ್ ಚಾಕೋಯೆನ್ಸ್‌ನಿಂದ 'ಆರ್‌ವೈ-ಸಿಎಚ್‌ಸಿ'. ಈ ವಂಶವಾಹಿ ಇರುವ ಗಿಡಕ್ಕೆ ವೈರಸ್ ಹೊಕ್ಕರೂ ಹೊಕ್ಕ ಜಾಗದ ಕೆಲವೇ ಕೋಶಗಳಲ್ಲಿ ಅದರ ಕಥೆ ಮುಗಿಯುತ್ತದೆ. ಎಲೆಯ ಮೇಲೆ ಒಂದು ಚುಕ್ಕೆಯೂ ಕಾಣುವುದಿಲ್ಲ. ಗಿಡ ಗುರುತಿಸುವುದು ಏನನ್ನು ಎಂಬುದೂ ಒಂದರ ಮಟ್ಟಿಗೆ ತಿಳಿದಿದೆ. ಪೋಲೆಂಡಿನ ವಿಜ್ಞಾನಿಗಳು ಆರ್‌ವೈ-ಎಸ್‌ಟಿಒ ವಂಶವಾಹಿಯನ್ನು ಬೇರ್ಪಡಿಸಿ 2020ರಲ್ಲಿ ವಿವರ ಪ್ರಕಟಿಸಿದರು. ಅದು ರೂಪಿಸುವ ಪ್ರೋಟೀನ್, ವೈರಸ್ಸಿನ ಹೊರಕವಚವನ್ನೇ ಕಂಡುಹಿಡಿದು ಎಚ್ಚರಿಕೆ ಕೊಡುತ್ತದೆ.

ಹಾಗಿದ್ದರೆ ಒಳ್ಳೆಯ ಇಳುವರಿಯ ತಳಿಯೊಂದಿಗೆ ಸಂಕರ ಮಾಡಿದರಾಯಿತಲ್ಲ, ಕಷ್ಟವೇನು?

ನಾಲ್ಕು ಪ್ರತಿಗಳ ಲಾಟರಿ

ಕಷ್ಟ ಆಲೂಗಡ್ಡೆಯ ವರ್ಣತಂತುಗಳಲ್ಲಿದೆ. ಮನುಷ್ಯನಲ್ಲಿ, ಭತ್ತದಲ್ಲಿ ಪ್ರತಿ ವರ್ಣತಂತುವಿಗೂ ಎರಡು ಪ್ರತಿ: ತಾಯಿಯದೊಂದು, ತಂದೆಯದೊಂದು. ನಾವು ತಿನ್ನುವ ಆಲೂಗಡ್ಡೆಯಲ್ಲಿ ನಾಲ್ಕು. 12 ಬಗೆಯ ವರ್ಣತಂತುಗಳು, ತಲಾ ನಾಲ್ಕು ಪ್ರತಿ, ಒಟ್ಟು 48. ಸಂಕರ ಮಾಡಿದಾಗ ಪ್ರತಿ ಪೋಷಕ ಗಿಡವೂ ತನ್ನ ನಾಲ್ಕರಲ್ಲಿ ಯಾವುದೋ ಎರಡನ್ನು ಮಗುವಿಗೆ ಕೊಡುತ್ತದೆ. ಹೀಗಾಗಿ ಎರಡು ಆಲೂಗಡ್ಡೆಗಳನ್ನು ಕೂಡಿಸಿದರೆ ಹುಟ್ಟುವ ಸಾವಿರ ಸಸಿಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ.

ರೋಗ ನಿರೋಧಕ ವಂಶವಾಹಿಯ ಒಂದೇ ಪ್ರತಿ ಇರುವ ಗಿಡವನ್ನು, ಅದು ಇಲ್ಲದ ತಳಿಯೊಂದಿಗೆ ಕೂಡಿಸಿದರೆ ಸರಾಸರಿ ಅರ್ಧದಷ್ಟು ಸಸಿಗಳಿಗೆ ಮಾತ್ರ ಅದು ಸಿಗುತ್ತದೆ. ಉಳಿದರ್ಧ ವ್ಯರ್ಥ. ಆದರೆ ನೋಡಿದರೆ ಯಾವುದು ಯಾವುದೆಂದು ತಿಳಿಯದು. ಹಳೆಯ ಪದ್ಧತಿಯಲ್ಲಿ ಪ್ರತಿ ಸಸಿಗೂ ವೈರಸ್ ಇರುವ ರಸ ಉಜ್ಜಿ, ಇಲ್ಲವೇ ರೋಗಿ ಗಿಡದ ಕುಡಿ ಕಸಿ ಮಾಡಿ, ವಾರಗಟ್ಟಲೆ ಕಾದು ನೋಡಬೇಕಿತ್ತು. ಕೆಲವೊಮ್ಮೆ ವೈರಸ್ ಸರಿಯಾಗಿ ತಗುಲದೆ ದುರ್ಬಲ ಸಸಿಯೂ ಪಾಸಾಗಿಬಿಡುತ್ತಿತ್ತು. ಆಲೂಗಡ್ಡೆಯ ಹೊಸ ತಳಿ ಸಂಕರದಿಂದ ಬಿಡುಗಡೆಯವರೆಗೆ ಬರಲು ಮೊದಲೇ ಹತ್ತು ಹನ್ನೆರಡು ವರ್ಷ ಹಿಡಿಯುತ್ತದೆ. ಅಂಥದ್ದರಲ್ಲಿ ಎಂಟನೇ ವರ್ಷಕ್ಕೆ ಬಂದ ಚೆಂದದ ತಳಿ ವೈರಸ್‌ಗೆ ಸೋತಿತೆಂದರೆ ಅಷ್ಟು ವರ್ಷಗಳ ದುಡಿಮೆ ನೀರುಪಾಲು.

ಮಾರ್ಕರ್ ಬದಲಾಯಿಸಿದ್ದು ಈ ಕಾಯುವಿಕೆಯನ್ನು. ಗೊತ್ತಿಲ್ಲದ ಊರಿನಲ್ಲಿ ಮನೆ ಹುಡುಕುವಾಗ 'ಅರಳಿಕಟ್ಟೆ ಪಕ್ಕದ ಮನೆ' ಎಂದು ಗುರುತು ಹೇಳುವುದಿಲ್ಲವೇ? ಮನೆ ಕಾಣಿಸದಿದ್ದರೂ ಅರಳಿಕಟ್ಟೆ ಕಂಡರೆ ಸಾಕು. ಡಿಎನ್‌ಎ ಮಾರ್ಕರ್ ಎಂದರೆ ಅಂಥ ಅರಳಿಕಟ್ಟೆ. ಬೇಕಾದ ವಂಶವಾಹಿಯ ತೀರಾ ಹತ್ತಿರ ಇರುವ, ಸುಲಭವಾಗಿ ಪತ್ತೆ ಮಾಡಬಹುದಾದ ಡಿಎನ್‌ಎ ತುಣುಕು ಅದು. ಎರಡೂ ಒಂದೇ ವರ್ಣತಂತುವಿನಲ್ಲಿ ಅಕ್ಕಪಕ್ಕ ಇರುವುದರಿಂದ ಒಟ್ಟಿಗೇ ಮುಂದಿನ ಪೀಳಿಗೆಗೆ ಹೋಗುತ್ತವೆ.

ಆರ್‌ವೈ-ಎಡಿಜಿ ಇರುವುದು 11ನೇ ವರ್ಣತಂತುವಿನಲ್ಲಿ ಎಂಬುದು 1997ರಲ್ಲಿ ಖಚಿತವಾಯಿತು. 2000ದಲ್ಲಿ ಜಪಾನಿನ ವಿಜ್ಞಾನಿಗಳು ಅದಕ್ಕೆ 'ಆರ್‌ವೈಎಸ್‌ಸಿ3' ಎಂಬ ಮಾರ್ಕರ್ ಸಿದ್ಧಪಡಿಸಿದರು. ಬಳಸುವ ವಿಧಾನ ಇಂದು ಯಾರಿಗೂ ಹೊಸದೆನಿಸದು; ಕೋವಿಡ್ ಕಾಲದಲ್ಲಿ ಮನೆಮಾತಾದ ಪಿಸಿಆರ್ ಪರೀಕ್ಷೆಯ ಹಾದಿಯೇ ಇದು. ಅಂಗೈ ಅಗಲವೂ ಇಲ್ಲದ ಸಸಿಯ ಎಲೆಯಿಂದ ಒಂದು ಚೂರು ತೆಗೆಯುತ್ತಾರೆ. ಅರೆದು ಡಿಎನ್‌ಎ ಬೇರ್ಪಡಿಸುತ್ತಾರೆ. ಆ ನಿರ್ದಿಷ್ಟ ತುಣುಕಿಗೆ ಮಾತ್ರ ಅಂಟುವ ರಾಸಾಯನಿಕ ಸೇರಿಸಿ ಪಿಸಿಆರ್ ಯಂತ್ರದಲ್ಲಿ ಕೋಟಿಗಟ್ಟಲೆ ನಕಲು ಮಾಡುತ್ತಾರೆ. ಆಮೇಲೆ ಜೆಲ್ ಮೇಲೆ ಹರಿಸಿದರೆ, 321 ಅಕ್ಷರ ಉದ್ದದ ತುಣುಕು ಇರುವ ಸಸಿಯಲ್ಲಿ ಒಂದು ಗೆರೆ ಮೂಡುತ್ತದೆ. ಇಲ್ಲದ್ದರಲ್ಲಿ ಮೂಡುವುದಿಲ್ಲ. ಗೆರೆ ಇದ್ದ ಸಸಿ ಉಳಿಯಿತು, ಇಲ್ಲದ್ದು ಗೊಬ್ಬರದ ಗುಂಡಿಗೆ ಹೋಯಿತು. ವೈರಸ್ ತಾಗಿಸಬೇಕಾಗಿಲ್ಲ, ಗಡ್ಡೆ ಬಲಿಯುವವರೆಗೆ ಕಾಯಬೇಕಾಗಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಮಾರ್ಕರ್ ಗಿಡಕ್ಕೆ ಏನನ್ನೂ ಸೇರಿಸುವುದಿಲ್ಲ. ಸಂಕರ ನಡೆಯುವುದು ಹೂವಿನಿಂದ ಹೂವಿಗೆ ಪರಾಗ ಹಚ್ಚಿಯೇ. ಬೇರೆ ಜೀವಿಯ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ತುರುಕುವ ಕುಲಾಂತರಿ ಬೆಳೆಗೂ ಇದಕ್ಕೂ ಸಂಬಂಧವಿಲ್ಲ. ಕುಲಾಂತರಿ ಬದನೆ, ಸಾಸಿವೆಯ ಸುತ್ತ ನಡೆದ ವಿವಾದದ ಗುಂಗಿನಲ್ಲಿ ಡಿಎನ್‌ಎ ಎಂಬ ಪದ ಕೇಳಿದರೇ ಬೆಚ್ಚುವವರು ಈ ವ್ಯತ್ಯಾಸ ಗಮನಿಸಬೇಕು.

ಶಿಮ್ಲಾದಲ್ಲಿ ನಡೆದದ್ದು

ನಮ್ಮಲ್ಲಿ ಬಹುತೇಕ ಆಲೂಗಡ್ಡೆ ತಳಿಗಳ ಹೆಸರು 'ಕುಫ್ರಿ' ಎಂದೇ ಶುರುವಾಗುತ್ತದೆ. ಕುಫ್ರಿ ಜ್ಯೋತಿ, ಕುಫ್ರಿ ಬಹಾರ್, ಕುಫ್ರಿ ಪುಖರಾಜ್, ಕುಫ್ರಿ ಚಿಪ್ಸೋನಾ. ಕುಫ್ರಿ ಶಿಮ್ಲಾ ಬಳಿಯ ಬೆಟ್ಟದೂರು. ಆಲೂಗಡ್ಡೆ ಚೆನ್ನಾಗಿ ಹೂ ಬಿಟ್ಟು ಕಾಯಿ ಕಚ್ಚಲು ಹಗಲು ದೀರ್ಘವಾಗಿರಬೇಕು, ಹವೆ ತಂಪಾಗಿರಬೇಕು. ಬಯಲಿನ ಚಳಿಗಾಲದಲ್ಲಿ ಅದಾಗದು. ಬೆಟ್ಟದ ಬೇಸಿಗೆಯಲ್ಲಿ ಆಗುತ್ತದೆ. ಅದಕ್ಕೇ ಸಂಕರದ ಕೆಲಸ ಅಲ್ಲಿ.

ಶಿಮ್ಲಾದ ವಿಜ್ಞಾನಿಗಳು ಮಾರ್ಕರ್ ಅನ್ನು ಸಸಿ ಆರಿಸಲು ಮಾತ್ರ ಬಳಸಲಿಲ್ಲ, ಪೋಷಕ ಗಿಡವನ್ನೇ ಕಟ್ಟಲು ಬಳಸಿದರು. ಲೆಕ್ಕ ಹೀಗಿದೆ. ನಿರೋಧಕ ವಂಶವಾಹಿಯ ಒಂದು ಪ್ರತಿ ಇರುವ ಪೋಷಕದಿಂದ ಅರ್ಧದಷ್ಟು ಸಸಿಗಳಿಗೆ ರಕ್ಷಣೆ. ಎರಡು ಪ್ರತಿ ಇದ್ದರೆ ಆರರಲ್ಲಿ ಐದಕ್ಕೆ. ಮೂರು ಪ್ರತಿ ಇದ್ದರೆ? ನಾಲ್ಕರಲ್ಲಿ ಯಾವ ಎರಡನ್ನು ಕೊಟ್ಟರೂ ಒಂದಾದರೂ ನಿರೋಧಕವೇ ಆಗಿರುತ್ತದೆ. ಅಂದರೆ ಎಲ್ಲ ಸಸಿಗಳಿಗೂ ರಕ್ಷಣೆ. ಇಂಥ ಮೂರು ಪ್ರತಿಯ ಗಿಡ ಸುಲಭಕ್ಕೆ ಸಿಗುವುದಿಲ್ಲ. ಎರಡು ಪ್ರತಿಯ ಎರಡು ಗಿಡಗಳನ್ನು ಕೂಡಿಸಿದರೆ ಸರಾಸರಿ 36ರಲ್ಲಿ 8 ಸಸಿಗಳು ಹಾಗಿರುತ್ತವೆ. ಜೆಲ್ ಮೇಲಿನ ಗೆರೆ ವಂಶವಾಹಿ ಇದೆಯೇ ಇಲ್ಲವೇ ಎಂದಷ್ಟೇ ಹೇಳುತ್ತದೆ, ಎಷ್ಟು ಪ್ರತಿ ಎಂದು ಹೇಳುವುದಿಲ್ಲ. ಅದಕ್ಕೆ ಪ್ರತಿ ಗಿಡವನ್ನೂ ನಿರೋಧಕ ಗುಣವಿಲ್ಲದ ತಳಿಯೊಂದಿಗೆ ಕೂಡಿಸಿ, ಹುಟ್ಟಿದ ಸಸಿಗಳಲ್ಲಿ ಎಷ್ಟಕ್ಕೆ ಗೆರೆ ಬಂತು ಎಂದು ಎಣಿಸಬೇಕು. ಅರ್ಧಕ್ಕೆ ಬಂದರೆ ಒಂದು ಪ್ರತಿ, ಎಲ್ಲಕ್ಕೂ ಬಂದರೆ ಮೂರು ಇಲ್ಲವೇ ನಾಲ್ಕು.

ಈ ತಾಳ್ಮೆಯ ಎಣಿಕೆಯಿಂದ ಮೂರು ಪ್ರತಿಯ ಪೋಷಕ ತಳಿಯೊಂದನ್ನು ರೂಪಿಸಿದ ಬಗ್ಗೆ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಈ ಪೋಷಕವನ್ನು ಯಾವ ತಳಿಯೊಂದಿಗೆ ಕೂಡಿಸಿದರೂ ಮಕ್ಕಳೆಲ್ಲ ವೈ ವೈರಸ್‌ನಿಂದ ಸುರಕ್ಷಿತ. ಅಲ್ಲಿಗೆ ಸಸಿಗಳನ್ನು ವೈರಸ್ ಪರೀಕ್ಷೆಗೆ ಒಡ್ಡುವ ಅಗತ್ಯವೇ ಹೋಗುತ್ತದೆ. ವಿಜ್ಞಾನಿ ತನ್ನ ಗಮನವನ್ನೆಲ್ಲ ಇಳುವರಿ, ರುಚಿ, ಗಡ್ಡೆಯ ಆಕಾರ, ಶೀತಲಗೃಹದಲ್ಲಿ ಬಾಳಿಕೆ ಇವುಗಳ ಮೇಲೆ ಇಡಬಹುದು. ಮಾರ್ಕರ್‌ನ ಅತ್ಯುತ್ತಮ ಉಪಯೋಗ ಮಾರ್ಕರ್ ಬೇಡವಾಗುವಂತೆ ಮಾಡಿದ್ದು ಎನ್ನಬಹುದು.

ಆರ್‌ವೈ-ಎಸ್‌ಟಿಒ ವಂಶವಾಹಿಗೂ ಮಾರ್ಕರ್‌ಗಳಿವೆ, ಯುರೋಪಿನಲ್ಲಿ ಅದರ ಬಳಕೆಯೂ ಹೆಚ್ಚು. ಆದರೆ ಆ ಕಾಡು ಜಾತಿಯ ಮೂಲದಿಂದ ಬಂದ ಗಿಡಗಳಲ್ಲಿ ಪರಾಗ ಸಾಮಾನ್ಯವಾಗಿ ಬರಡು. ಅವನ್ನು ತಾಯಿಯಾಗಿ ಬಳಸಬಹುದೇ ಹೊರತು ತಂದೆಯಾಗಿ ಬಳಸುವುದು ಕಷ್ಟ. ಕಾಡಿನಿಂದ ಗುಣ ತರುವಾಗ ಇಂಥ ಬೇಡದ ನೆಂಟರೂ ಜೊತೆಗೆ ಬರುತ್ತಾರೆ.

ಮಾರ್ಕರ್‌ಗೂ ಮಿತಿ ಇದೆ. ಅರಳಿಕಟ್ಟೆ ಇದ್ದ ಮಾತ್ರಕ್ಕೆ ಮನೆ ಇದ್ದೇ ಇರುತ್ತದೆ ಎಂದು ಹೇಳಲಾಗದು. ವರ್ಣತಂತುಗಳು ಪೀಳಿಗೆಯಿಂದ ಪೀಳಿಗೆಗೆ ಹೋಗುವಾಗ ತುಂಡಾಗಿ ಅದಲುಬದಲಾಗುತ್ತವೆ. ಅಪರೂಪಕ್ಕೆ ಮಾರ್ಕರ್ ಒಂದು ಕಡೆ, ವಂಶವಾಹಿ ಇನ್ನೊಂದು ಕಡೆ ಆಗಬಹುದು. ಎರಡರ ನಡುವಿನ ದೂರ ಹೆಚ್ಚಿದಷ್ಟೂ ಈ ಅಪಾಯ ಹೆಚ್ಚು. ಹಾಗಾಗಿ ಕೊನೆಗೆ ಉಳಿದ ನಾಲ್ಕಾರು ತಳಿಗಳಿಗೆ ನಿಜವಾದ ವೈರಸ್ ತಾಗಿಸಿ ನೋಡುವ ಪರೀಕ್ಷೆ ಇಂದಿಗೂ ತಪ್ಪಿಲ್ಲ. ಭಾರತವೂ ಪಾಲ್ಗೊಂಡ ಅಂತರರಾಷ್ಟ್ರೀಯ ತಂಡ 2011ರಲ್ಲಿ ಆಲೂಗಡ್ಡೆಯ ಜೀನೋಮ್ ಪ್ರಕಟಿಸಿ, ಸುಮಾರು 39,000 ವಂಶವಾಹಿಗಳ ನಕ್ಷೆ ಕೈಗಿಟ್ಟ ಮೇಲೆ ಹೆಚ್ಚು ನಿಖರವಾದ ಮಾರ್ಕರ್ ಹುಡುಕುವುದು ಸುಲಭವಾಗಿದೆ.

ಹಾಸನಕ್ಕೆ ಇದರಿಂದ ಏನು?

ವೈರಸ್ ಒಂದನ್ನು ತಡೆದರೆ ಸಾಲದು. ಹಾಸನದ ಮುಂಗಾರಿನಲ್ಲಿ ಬೆಳೆಯನ್ನು ನೆಲ ಕಚ್ಚಿಸುವುದು ಮುಖ್ಯವಾಗಿ ಅಂಗಮಾರಿ. ಅದು ವೈರಸ್ ರೋಗವಲ್ಲ, ಅದರ ಕಾರಣ ಶಿಲೀಂಧ್ರದಂಥ ಬೇರೆಯೇ ಜೀವಿ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಅಂಗಮಾರಿ ತಡೆಯುತ್ತದೆ ಎಂಬ ಹೆಸರಿನೊಂದಿಗೆ ಬಂತು. ವರ್ಷಗಳು ಕಳೆದಂತೆ ಆ ಶಕ್ತಿ ಕುಂದಿತು, ಆದರೂ ಇಲ್ಲಿನ ರೈತರು ಅದನ್ನು ಬಿಟ್ಟಿಲ್ಲ. ಮಾರುಕಟ್ಟೆಗೆ ಅದರ ಗುರುತಿದೆ, ವ್ಯಾಪಾರಿ ಅದನ್ನು ಕೇಳುತ್ತಾನೆ. ಪ್ರಯೋಗಾಲಯದ ಲೆಕ್ಕ ಎಷ್ಟೇ ಸರಿಯಿದ್ದರೂ ಮಂಡಿಯಲ್ಲಿ ಬೆಲೆ ಸಿಗದ ಗಡ್ಡೆಯನ್ನು ಯಾರೂ ನೆಡುವುದಿಲ್ಲ. ಅಂಗಮಾರಿಯನ್ನೂ ಹಲವು ವೈರಸ್‌ಗಳನ್ನೂ ಒಟ್ಟಿಗೆ ತಡೆಯುವ ಕುಫ್ರಿ ಕರಣ್‌ನಂಥ ತಳಿಗಳು ಈಗ ಇವೆ. ಅವು ಜ್ಯೋತಿಯ ಜಾಗ ಹಿಡಿಯಬೇಕಾದರೆ ಹೊಲದಲ್ಲೂ ಗೆಲ್ಲಬೇಕು, ಮಂಡಿಯಲ್ಲೂ ಗೆಲ್ಲಬೇಕು.

ಇದರ ಜೊತೆಗೆ ಇನ್ನೊಂದು ಪ್ರಯತ್ನವೂ ಹಾಸನದಲ್ಲಿ ನಡೆದಿದೆ. ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಮತ್ತು ಅಲ್ಲಿನ ತೋಟಗಾರಿಕೆ ಸಂಶೋಧನಾ ಕೇಂದ್ರ ಸೇರಿ, ಅಂಗಾಂಶ ಕೃಷಿಯಿಂದ ಪಡೆದ ವೈರಸ್ ಇಲ್ಲದ ಗಿಡಗಳ ಕುಡಿ ಕತ್ತರಿಸಿ ಬೇರು ಬರಿಸಿ, ಆ ಸಸಿಗಳನ್ನು ರೈತರಿಗೆ ಕೊಡುವ ಪದ್ಧತಿ ಪರಿಚಯಿಸಿವೆ. ಟೊಮೆಟೊ ಸಸಿ ನೆಟ್ಟಂತೆ ಇದನ್ನು ನೆಟ್ಟು, ಬಂದ ಗಡ್ಡೆಯನ್ನು ಬಿತ್ತನೆಗೆ ಬಳಸುವುದು. ಊರಲ್ಲೇ ಬಿತ್ತನೆ ತಯಾರಾದರೆ ಲಾರಿ ಬಾಡಿಗೆ ಉಳಿಯುತ್ತದೆ. ಆದರೆ ಗಿಡಹೇನು ಅಲ್ಲೇ ಇದೆಯಲ್ಲ. ವೈರಸ್‌ಗೆ ಬಗ್ಗುವ ತಳಿಯಾದರೆ ಊರಲ್ಲೇ ಮಾಡಿದ ಆ ಶುದ್ಧ ಬಿತ್ತನೆಯೂ ಕೆಲವೇ ಸುತ್ತಿನಲ್ಲಿ ಕೆಡುತ್ತದೆ. ತಡೆಯುವ ತಳಿಯಾದರೆ ಅದೇ ಗಡ್ಡೆಯನ್ನು ಇನ್ನೂ ಕೆಲವು ಬಾರಿ ನೆಡಬಹುದು. ಬಿತ್ತನೆಗೆ ಸುರಿಯುವ ಹಣ ಪ್ರತಿ ವರ್ಷದ ಬದಲು ಕೆಲವು ವರ್ಷಕ್ಕೊಮ್ಮೆ ಆದರೆ, ಸಣ್ಣ ಹಿಡುವಳಿಯ ರೈತನಿಗೆ ಅದು ಸಣ್ಣ ಮಾತಲ್ಲ.

ಇಷ್ಟಾದರೂ ಆರ್‌ವೈ ವಂಶವಾಹಿಗಳ ಕೈಗೆ ಸಿಗದ ವೈರಸ್ ಒಂದು ಈ ಶತಮಾನದ ಆರಂಭದಿಂದ ಉತ್ತರದ ಬಯಲಿನಲ್ಲಿ ಹರಡುತ್ತಿದೆ. ಆಲೂಗಡ್ಡೆಯ ತುದಿ ಎಲೆ ಮುದುಡುವ ರೋಗಕ್ಕೆ ಕಾರಣ, ಟೊಮೆಟೊ ಎಲೆ ಮುದುಡು ನ್ಯೂಡೆಲ್ಲಿ ವೈರಸ್‌ನ ಒಂದು ಬಗೆ. ಇದನ್ನು ಹೊತ್ತು ತರುವುದು ಗಿಡಹೇನಲ್ಲ, ಬಿಳಿನೊಣ. ಗಿಡಹೇನು ಇಲ್ಲವೆಂದು ನಂಬಿದ ಅಕ್ಟೋಬರ್‌ನ ಆರಂಭದಲ್ಲೇ ಬಿಳಿನೊಣ ಹೊಲದಲ್ಲಿರುತ್ತದೆ. ಹಾಗಾಗಿ ಬೇಗ ನೆಟ್ಟ ಬೆಳೆಗೇ ರೋಗ ಹೆಚ್ಚು. ದಕ್ಷಿಣಕ್ಕೆ ಬಿತ್ತನೆ ಬರುವುದು ಇದೇ ಬಯಲಿನಿಂದ ಎಂಬುದನ್ನು ನೆನಪಿಡಬೇಕು. ಕುಫ್ರಿ ಪುಖರಾಜ್ ಈ ರೋಗಕ್ಕೆ ಬೇಗ ತುತ್ತಾಗುತ್ತದೆ, ಕುಫ್ರಿ ಬಹಾರ್ ಸಾಕಷ್ಟು ತಡೆದುಕೊಳ್ಳುತ್ತದೆ. ವೈರಸ್ ಹೊಕ್ಕಾಗ ಬಹಾರ್‌ನಲ್ಲಿ ಯಾವ ವಂಶವಾಹಿಗಳು ಚುರುಕಾಗುತ್ತವೆ, ಪುಖರಾಜ್‌ನಲ್ಲಿ ಯಾವುವು ಸುಮ್ಮನಿರುತ್ತವೆ ಎಂದು ಶಿಮ್ಲಾದ ವಿಜ್ಞಾನಿಗಳು ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದ್ದಾರೆ. ಸದ್ಯಕ್ಕೆ ಬಿತ್ತನೆ ಬೆಳೆಗಾರರಿಗೆ ಕೊಡುವ ಸಲಹೆ ಹಳೆಯ ಕಾಲದ್ದೇ: ನಾಟಿಯನ್ನು ಅಕ್ಟೋಬರ್ ಕೊನೆಯವರೆಗೆ ತಡಮಾಡಿ, ಬಿಳಿನೊಣ ಇಳಿಮುಖವಾಗಲಿ.